ಏಳೂವರೆಯ ಪೂಜೆ

"ಕೊನೆಗೆ ಒಂದು ಪ್ರಕಟಣೆ," ಎಂದು ಫಾದರ್ ವಿಕ್ಟರ್ ಕನ್ನಡಕ ಸರಿಮಾಡಿಕೊಂಡಾಗ, ಆರೋಗ್ಯಮ್ಮ ಮುಕ್ತಾಯದ ಹಾಡಿನ ಪುಟಕ್ಕೆ ಬೆರಳಿಟ್ಟು ಕಾಯುತ್ತಿದ್ದಳು. "ಬರುವ ಭಾನುವಾರ ಕ್ರಿಸ್ಮಸ್ ತಯಾರಿಯ ಆಗಮನ ಕಾಲ ಶುರುವಾಗುತ್ತೆ. ಅವತ್ತಿಂದ ಏಳೂವರೆಯ ಕನ್ನಡ ಪೂಜೆ ಬೆಳಿಗ್ಗೆ ಆರು ಗಂಟೆಗೆ. ಏಳೂವರೆಗೆ ಇಂಗ್ಲಿಷ್ ಪೂಜೆ. ಎಲ್ಲರೂ ಸಹಕರಿಸಬೇಕು."

ಅಷ್ಟು ಹೇಳಿ ಅವರು ಆಶೀರ್ವಾದಕ್ಕೆ ಕೈ ಎತ್ತಿದರು. ಜನ ಶಿಲುಬೆ ಗುರುತು ಹಾಕಿಕೊಂಡರು. ಹಾಡು ಮಾತ್ರ ಹೊರಡಲಿಲ್ಲ. ಗಾನವೃಂದದ ಹೆಂಗಸರೆಲ್ಲ ಆರೋಗ್ಯಮ್ಮನ ಮುಖ ನೋಡುತ್ತಿದ್ದರೆ, ಅವಳು ಬಲಿಪೀಠವನ್ನೇ ನೋಡುತ್ತ ನಿಂತುಬಿಟ್ಟಿದ್ದಳು. ಕಡೆಗೆ ಪಕ್ಕದಲ್ಲಿದ್ದ ಲೂರ್ದಮ್ಮನೇ ಎತ್ತಿಕೊಂಡಳು. ಕ್ರಿಸ್ತರಾಜರ ಹಬ್ಬದ ಹಾಡನ್ನು ಉಳಿದವರು ಎಳೆದೆಳೆದು ಮುಗಿಸಿದರು.

ಸವೇರಿಪಾಳ್ಯ ಜಿಗಣಿಯ ಕಡೆಯ ಬಂಡೆಗಳಲ್ಲಿ ಕಲ್ಲು ಒಡೆಯಲು ಬಂದು ನೆಲೆನಿಂತವರ ಊರು. ಆ ಕಲ್ಲಿನಲ್ಲೇ ಚರ್ಚು ಎದ್ದಿತ್ತು. ಆರೋಗ್ಯಮ್ಮನ ತಂದೆ ಅಲ್ಲಿ ಉಪದೇಶಿಯಾಗಿದ್ದರು. ಹಳ್ಳಿಯ ಮಕ್ಕಳಿಗೆ ಜಪ ಕಲಿಸಿದವರು, ಭಾನುವಾರ ಹಾಡು ಎತ್ತಿಕೊಟ್ಟವರು ಅವರೇ. ಅವರ ನಂತರ ಆ ಕೆಲಸ ಮಗಳಿಗೆ ಬಂತು. ವಾರವೆಲ್ಲ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಲೈನ್ ಸೂಪರ್‌ವೈಸರ್ ಆಗಿ ಮಿಷನ್ನುಗಳ ಗದ್ದಲದ ಮೇಲೆ ಕೂಗಿ ಕೂಗಿ ಒರಟಾದ ಗಂಟಲು, ಭಾನುವಾರ ಏಳೂವರೆಗೆ ಅದು ಹೇಗೋ ತಿಳಿಯಾಗುತ್ತಿತ್ತು. ಈಗ ಬಂಡೆಗಳಿದ್ದ ಕಡೆ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರು ಅಲ್ಲಿ ತುಂಬಿಕೊಂಡ ಮೇಲೆ, ಚರ್ಚಿನ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ.

ಪೂಜೆಯ ಉಡುಪು ಕಳಚುತ್ತಿದ್ದ ಫಾದರ್ ಎದುರು ಅವಳು ಹೋಗಿ ನಿಂತಳು.

"ಏನ್ ಫಾದರ್, ಒಂದ್ ಮಾತೂ ಕೇಳ್ದೆ ಇಂಗ್ ಮಾಡ್ಬಿಟ್ರಿ?"

"ಪಾಲನಾ ಸಮಿತೀಲಿ ತೀರ್ಮಾನ ಆಯ್ತಮ್ಮ. ಇಂಗ್ಲಿಷ್ ಪೂಜೆಗೆ ಜನ ಬಿಸಿಲಲ್ಲಿ ನಿಂತಿರ್ತಾರೆ. ನಿಮ್ಮ ಪೂಜೇಲಿ ಹಿಂದಿನ ಬೆಂಚುಗಳು ಖಾಲಿ."

"ಆರಕ್ಕಿಟ್ರೆ ಮುಂದಿನ ಬೆಂಚೂ ಖಾಲಿ ಆಯ್ತದೆ."

ಫಾದರ್ ವಿಕ್ಟರ್ ಕೆಟ್ಟವರಲ್ಲ. ನಾಲ್ಕು ಭಾಷೆಯವರ ದೂರು ಕೇಳಿ, ಪಕ್ಕದ ಹಳ್ಳಿಗಳ ಎರಡು ಉಪಕೇಂದ್ರದ ಚರ್ಚುಗಳಿಗೆ ಬೈಕಿನಲ್ಲಿ ಓಡಾಡಿ ದಣಿದವರು. "ಜನ ತೋರ್ಸಿ ಆರೋಗ್ಯಮ್ಮ, ಮತ್ತೆ ಮಾತಾಡೋಣ," ಎಂದರು.

ಆ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಡಿಸೆಂಬರಿನ ಮಂಜಿನಲ್ಲಿ ಆರು ಗಂಟೆಯ ಪೂಜೆಗೆ ಬಂದವರು ಶಾಲು ಹೊದ್ದು ದೂರದೂರ ಕೂತರು. ಮೊದಲು ಮಂಡಿನೋವಿನ ಮುದುಕಿಯರು ಬರುವುದನ್ನು ನಿಲ್ಲಿಸಿದರು, ಆಮೇಲೆ ರಾತ್ರಿ ಪಾಳಿ ಮುಗಿಸಿ ಬರುವ ಗಂಡಸರು. ಅವಳ ಗಂಡ ಇನ್ನಾಸಪ್ಪನೇ ಒಂದು ಭಾನುವಾರ ಕಂಬಳಿಯೊಳಗಿಂದ, "ದೇವ್ರಿಗೆ ಆರೂ ಒಂದೆ, ಏಳೂವರೆನೂ ಒಂದೆ. ನನ್ಗೆ ಮಾತ್ರ ಬೇರೆ ಕಣೆ," ಎಂದು ಮಗ್ಗುಲಾದ. ಮಗಳು ಪ್ರಿಯಾಂಕಾ ಇಂಗ್ಲಿಷ್ ಗಾನವೃಂದ ಸೇರಿ ಕ್ರಿಸ್ಮಸ್ ಹಾಡುಗಳನ್ನು ಕಲಿಯುತ್ತಿದ್ದಳು. ಅಡುಗೆಮನೆಯಲ್ಲಿ ಅವಳು ಗುನುಗಿದರೂ ಆರೋಗ್ಯಮ್ಮನಿಗೆ ಮೈ ಉರಿಯುತ್ತಿತ್ತು.

"ನಿಂಗೆ ಕನ್ನಡ ಪೂಜೆ ಬ್ಯಾಡ್ವಾಯ್ತಾ?"

"ನನ್ ಫ್ರೆಂಡ್ಸೆಲ್ಲ ಅಲ್ಲೇ ಇದಾರಮ್ಮ. ನೀನ್ ಜಗಳ ಆಡ್ತಿರೋದು ಟೈಮಿಗೋ, ಕನ್ನಡಕ್ಕೋ, ಅದ್ನ ಮೊದ್ಲು ಹೇಳು."

ಆರೋಗ್ಯಮ್ಮ ಸೌಟು ಕುಕ್ಕಿ ಹೊರಗೆ ಹೋದಳು.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಕಳೆದ ಮೇಲೆ ಅವಳೂ ಲೂರ್ದಮ್ಮನೂ ಮನೆಮನೆ ತಿರುಗತೊಡಗಿದರು. ಲೂರ್ದಮ್ಮ ಚಿಕ್ಕಂದಿನಿಂದ ಜೊತೆಯಲ್ಲಿ ಹಾಡಿದವಳು. ಆರೋಗ್ಯಮ್ಮ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆಂಬುದನ್ನೂ ಬಲ್ಲವಳು. ಎಲ್ಲ ಮನೆಯಲ್ಲೂ ಕಾಫಿ ಸಿಕ್ಕಿತು, ಮಾತೂ ಸಿಕ್ಕಿತು. "ಬತ್ತೀವಿ ಅಕ್ಕ, ಯಾಕ್ ಬರಲ್ಲ, ಏಳೂವರೆಗಿಟ್ರೆ ಬಂದೇ ಬತ್ತೀವಿ." ಜನ ಬಂದರೆ ಏಳೂವರೆ ಎನ್ನುವ ಫಾದರ್, ಏಳೂವರೆ ಆದರೆ ಜನ ಎನ್ನುವ ಊರು, ನಡುವೆ ಇವರಿಬ್ಬರ ಚಪ್ಪಲಿ ಸವೆಯಿತು. ಒಬ್ಬಾಕೆ ಮಾತ್ರ ನಿಜ ಹೇಳಿದಳು. "ನಮ್ ಮಕ್ಳಿಗೆ ಕನ್ನಡದಾಗೆ ಜಪ ಬರಾಕಿಲ್ಲಕ್ಕ. ಕಾನ್ವೆಂಟಲ್ವಾ."

ತಪಸ್ಸುಕಾಲದ ಶುಕ್ರವಾರ ಸಂಜೆ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿಯ ಜಪ ಕನ್ನಡದಲ್ಲಿ ನಡೆಯುತ್ತಿತ್ತು. ಒಂದು ಶುಕ್ರವಾರ ಹಿಂದಿನ ಕಂಬದ ಬಳಿ ಹೊಸಬರು ಗಂಡ ಹೆಂಡತಿ ನಿಂತಿದ್ದರು. ಎಲ್ಲರೂ ಮೊಣಕಾಲೂರಿದಾಗ ತಾವೂ ಊರಿದರು, ಜಪಕ್ಕೆ ಗಟ್ಟಿಯಾಗಿ ದನಿಗೂಡಿಸಿದರು. ಮುಗಿದ ಮೇಲೆ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ ಬಂದಳು.

"ಅಕ್ಕಾರ, ನಾ ಚನ್ನಕ್ಕ ಅಂತರಿ. ಇವರು ನಮ್ಮ ಮನಿಯವರು, ಅಮರಪ್ಪ. ಮುದಗಲ್ ಕಡಿಯವ್ರು ನಾವು. ಅಲ್ಲಿ ದೊಡ್ಡ ಬಿಲ್ಡಿಂಗ್ ಏಳಾಕತ್ತದಲ್ರಿ, ಅದರಾಗ ಕೆಲಸಕ್ಕದೀವಿ. ಭಾನುವಾರ ಸಂಜಿಗಿ ಕನ್ನಡ ಪೂಜಿ ಇಲ್ಲೇನ್ರಿ?"

ಸಿಮೆಂಟು ಕೆಲಸದವರಲ್ಲಿ ತಮ್ಮ ಜಪ ಬಲ್ಲವರಿದ್ದಾರೆಂದು ಆರೋಗ್ಯಮ್ಮನಿಗೆ ಗೊತ್ತಿರಲಿಲ್ಲ. ಮುದಗಲ್‌ನಲ್ಲಿ ಅಜ್ಜನ ಅಜ್ಜನ ಕಾಲದಿಂದಲೂ ಕ್ರೈಸ್ತರಿದ್ದಾರೆಂದು ತಂದೆ ಹೇಳುತ್ತಿದ್ದದ್ದು ಮಸುಕಾಗಿ ನೆನಪಾಯಿತು. ಆದರೆ ಅವಳ ತಲೆಯಲ್ಲಿ ಆಗ ಇದ್ದದ್ದು ಖಾಲಿ ಬೆಂಚುಗಳು.

"ಸಂಜೆ ಇಲ್ಲಮ್ಮ. ಬೆಳಿಗ್ಗೆ ಆರಕ್ಕೆ ಬನ್ನಿ. ನಿಮ್ಮೋರ್ನೆಲ್ಲ ಕರ್ಕೊಂಡ್ ಬನ್ನಿ. ಜನ ಜಾಸ್ತಿ ಆದ್ರೆ ಏಳೂವರೆಗೆ ಕೇಳ್ತೀವಿ."

ಚನ್ನಕ್ಕ ಗಂಡನ ಮುಖ ನೋಡಿದಳು. "ಆತ್ರಿ," ಎಂದಳು. ಭಾನುವಾರ ಅವರು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಹೇಳುವುದೊಂದು, ಮಾಡುವುದೊಂದು, ಎಲ್ಲರೂ ಇಷ್ಟೇ ಎಂದು ಆರೋಗ್ಯಮ್ಮ ಅವರನ್ನು ಮನಸ್ಸಿನಿಂದ ಬಿಟ್ಟಳು.

ಶುಭ ಶುಕ್ರವಾರದ ಆರಾಧನೆಯನ್ನು ನಾಲ್ಕು ಭಾಷೆಗೆ ಹಂಚಲಾಗಿತ್ತು. ಕನ್ನಡಕ್ಕೆ ಬಂದದ್ದು ಒಂದು ವಾಚನ, ಅರ್ಧ ಹಾಡು. ಅರ್ಧದಲ್ಲಿ ಕೈಸನ್ನೆಯಾದಾಗ ಲೂರ್ದಮ್ಮ ನಿಲ್ಲಿಸಿದಳು, ಆರೋಗ್ಯಮ್ಮ ನಿಲ್ಲಿಸಲಿಲ್ಲ. ಒಂದು ಸಾಲು ಅವಳೊಬ್ಬಳ ದನಿ ಚರ್ಚಿನಲ್ಲಿ ಒಂಟಿಯಾಗಿ ಹೋಗಿ ನಿಂತಿತು. ಯಾರೋ ತಿರುಗಿ ನೋಡಿದರು. ಸೆಪ್ಟೆಂಬರಿನ ಆರೋಗ್ಯಮಾತೆಯ ಹಬ್ಬದ ಒಂಬತ್ತು ದಿನದ ನೊವೇನಾ ಪ್ರಾರ್ಥನೆಯಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಬುಧವಾರ. ಅವತ್ತು ಫ್ಯಾಕ್ಟರಿಯಲ್ಲಿ ಸರಕು ಹೊರಡುವ ತುರ್ತು. ಬಸ್ಸಿಳಿದು ಓಡೋಡಿ ಬಂದಾಗ ಜನ ಪ್ರಸಾದದ ಬನ್ನು ತಿನ್ನುತ್ತಿದ್ದರು. ತನ್ನದೇ ಹೆಸರಿನ ಮಾತೆಯ ಮುಂದೆ ಮೊಣಕಾಲೂರಿ, ಬೇಡುವುದಕ್ಕೆ ಬದಲು ಅವಳು ಬೈದಳು. ತುಟಿ ಅಲುಗುತ್ತಿದ್ದದ್ದರಿಂದ ನೋಡಿದವರು ಜಪವೆಂದುಕೊಂಡರು.

ಜಪಮಾಲೆಯ ತಿಂಗಳಾದ ಅಕ್ಟೋಬರಿನಲ್ಲಿ ಹೂವು ತರಲು ಹೋಗಿದ್ದಾಗ ಚನ್ನಕ್ಕ ಮತ್ತೆ ಸಿಕ್ಕಳು. ಕಟ್ಟಡದ ಹಿಂದಿನ ತಗಡಿನ ಶೆಡ್ಡುಗಳ ಮುಂದೆ ಬಟ್ಟೆ ಒಗೆಯುತ್ತಿದ್ದಳು. ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆ. ಪಕ್ಕದ ಬಾಗಿಲ ಮೇಲೂ ಇತ್ತು, ಅದರ ಪಕ್ಕದ್ದರ ಮೇಲೂ.

"ಇಷ್ಟ್ ಜನ ಇದೀರಿ. ಒಂದಿನಾನೂ ಬರ್ಲಿಲ್ವಲ್ಲಮ್ಮ ನೀವು," ಎಂದಳು ಆರೋಗ್ಯಮ್ಮ. ದನಿ ತಾನು ಬಯಸಿದ್ದಕ್ಕಿಂತ ಗಡುಸಾಗಿತ್ತು.

ಚನ್ನಕ್ಕ ಸಾಬೂನಿನ ಕೈ ತೊಳೆದುಕೊಂಡಳು. "ಭಾನುವಾರ ಮಧ್ಯಾಹ್ನದತನ ನಮಗ ಕೆಲಸ ಇರ್ತದ್ರಿ. ಮುಂಜಾನಿ ಯಾರು ಬಿಡ್ತಾರ? ಅದಕ್ಕ ನಾ ಸಂಜಿಗಿ ಐತೇನ್ರಿ ಅಂತ ಕೇಳಿದ್ದು. ನೀವು ಮುಂಜಾನಿ ಬರ್ರಿ ಅಂದ್ರಿ. ದೊಡ್ಡವರು ಅಂದ ಮ್ಯಾಲೆ ನಾ ಏನ್ ತಿರುಗಿ ಮಾತಾಡ್ಲಿ."

ಆರೋಗ್ಯಮ್ಮ ಒಗೆಯುವ ಕಲ್ಲಿನ ಪಕ್ಕ ಕೂತಳು. ಚನ್ನಕ್ಕ ಒಳಗಿಂದ ತಂದ ಚಹಾ ಕುಡಿದು, ಹೂವು ಮರೆತು ಮನೆಗೆ ಬಂದಳು.

ನವೆಂಬರಿನ ಪಾಲನಾ ಸಮಿತಿ ಸಭೆಗೆ ಅವಳನ್ನೂ ಲೂರ್ದಮ್ಮನನ್ನೂ ಕರೆಸಿದರು. ಫಾದರ್ ಮೆತ್ತಗಾಗಿದ್ದರು. "ತಿಂಗಳಿಗೆ ಒಂದು ಭಾನುವಾರ ಏಳೂವರೆ ನಿಮಗೆ. ಸಮಿತಿ ಒಪ್ಪಿದೆ." ಲೂರ್ದಮ್ಮ ಮೇಜಿನ ಕೆಳಗೆ ಗೆಳತಿಯ ಕೈ ಅದುಮಿದಳು.

"ನಮ್ಗೆ ಏಳೂವರೆ ಬ್ಯಾಡ ಫಾದರ್," ಎಂದಳು ಆರೋಗ್ಯಮ್ಮ. "ಭಾನುವಾರ ಸಂಜೆ ಕೊಡಿ."

ಲೂರ್ದಮ್ಮನ ಕೈ ಹಿಂದೆ ಹೋಯಿತು. ಗೇಟಿನ ಹೊರಗೆ ಬಂದ ಕೂಡಲೇ ಅವಳು ಎದುರಾಗಿ ನಿಂತಳು. "ನನ್ನನ್ನೊಂದ್ ಮಾತು ಕೇಳಿದ್ಯಾ? ವರ್ಷೆಲ್ಲ ನಿನ್ ಜೊತೆ ಬೀದಿ ಬೀದಿ ಅಲೆದೆ. ಬಿಲ್ಡಿಂಗ್ ಮುಗಿದ್ರೆ ಅವ್ರು ಗಂಟು ಕಟ್ಕೊಂಡು ವೋಯ್ತರೆ. ನಾವೆಲ್ಲಿಗೆ ವೋಗಾನೆ?"

"ಅವ್ರೂ ಕನ್ನಡದೋರೇ ಅಲ್ವೇನೇ."

"ಫಾದರೂ ನಮ್ಮನ್ನ ಕೇಳ್ದೆ ಟೈಮ್ ಬದ್ಲಾಯಿಸಿದ್ರು. ಈಗ ನೀನೂ ಅಷ್ಟೇ ಮಾಡ್ದೆ." ಲೂರ್ದಮ್ಮ ತಿರುಗಿ ನೋಡದೆ ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಆರೋಗ್ಯಮ್ಮನನ್ನು ಬಹಳ ದಿನ ಕುಟುಕಿತು.

ಸಂಜೆ ಚರ್ಚಿನಲ್ಲಿ ಮಲಯಾಳಂ ಪೂಜೆ ಇದ್ದದ್ದರಿಂದ ಕನ್ನಡಕ್ಕೆ ಶಾಲೆಯ ಹಿಂದಿನ ಹಾಲ್ ಕೊಟ್ಟರು. ಆಗಮನ ಕಾಲದ ಮೊದಲ ಭಾನುವಾರ ಅವಳೂ ಪ್ರಿಯಾಂಕಾಳೂ ಹಾಲ್ ಗುಡಿಸಿ, ಮೇಜಿಗೆ ಬಿಳಿಬಟ್ಟೆ ಹಾಸಿದರು. ಸಂಜೆ ಆರು ಗಂಟೆಗೆ ಬಂದದ್ದು ಇನ್ನಾಸಪ್ಪ, ಇಬ್ಬರು ಮುದುಕಿಯರು, ದಾರಿತಪ್ಪಿದಂತೆ ಒಳಬಂದ ಒಬ್ಬ ಸೆಕ್ಯೂರಿಟಿಯವನು. ಫಾದರ್ ಗಡಿಯಾರ ನೋಡಿದರು. ಅವರಿಗೆ ಉಪಕೇಂದ್ರದಲ್ಲಿ ಇನ್ನೊಂದು ಪೂಜೆ ಇತ್ತು.

"ಇನ್ನೊಂದ್ ಸ್ವಲ್ಪ ಫಾದರ್. ಶೆಡ್ಡಿನೋರು ಬತ್ತೀವಿ ಅಂದವ್ರೆ."

ಸ್ವಲ್ಪ ಹೊತ್ತು ಕಾದು ಅವರು ಶುರುಮಾಡಿದರು. ಪ್ರತಿ ಹಾಡಿಗೂ ಆರೋಗ್ಯಮ್ಮನ ಕಣ್ಣು ಬಾಗಿಲಿನ ಮೇಲೆ. ಪರಮಪ್ರಸಾದದ ರೊಟ್ಟಿ ಹಂಚಿದ್ದಾಯಿತು. ಉಳಿದದ್ದನ್ನು ತಾವೇ ಸ್ವೀಕರಿಸಿ ಫಾದರ್ ಪಾತ್ರೆ ಒರೆಸಿ ಮುಚ್ಚಿದರು. ಆಶೀರ್ವಾದವೂ ಮುಗಿದು ಅವರು ಬ್ಯಾಗಿಗೆ ಜಿಪ್ ಎಳೆಯುತ್ತಿದ್ದಾಗ ಹೊರಗೆ ಬಹಳ ಜನರ ಹೆಜ್ಜೆ ಸದ್ದಾಯಿತು.

ಅಮರಪ್ಪ, ಚನ್ನಕ್ಕ, ಅವರ ಹಿಂದೆ ಶೆಡ್ಡುಗಳೆಲ್ಲ ಖಾಲಿಯಾಗಿ ಬಂದಂತೆ ಹೆಂಗಸರು ಗಂಡಸರು. ಹೊಸ್ತಿಲ ಆಚೆಯೇ ನಿಂತರು. ಕೈಕಾಲಿಗೆಲ್ಲ ಸಿಮೆಂಟು.

"ಸ್ಲ್ಯಾಬ್ ಹಾಕೋದಿತ್ತರಿ. ನಡುವ ಬಿಡಂಗಿಲ್ಲ ಅಂದ್ರು," ಎಂದ ಅಮರಪ್ಪ. "ಕೈ ತೊಳಕೊಳ್ಳಾಕೂ ನಿಲ್ಲಲಿಲ್ರಿ. ಮುಗೀತೇನ್ರಿ?"

ಫಾದರ್ ಒಮ್ಮೆ ಬ್ಯಾಗು ನೋಡಿದರು, ಒಮ್ಮೆ ಅವರನ್ನು. ಹತ್ತಿರ ಹೋಗಿ ಅಮರಪ್ಪನ ಭುಜದ ಮೇಲೆ ಕೈಯಿಟ್ಟರು, ಎಲ್ಲರ ಮೇಲೂ ಶಿಲುಬೆ ಗುರುತು ಹಾಕಿದರು. "ಅಲ್ಲಿ ಕಾಯ್ತಿದಾರೆ. ಮುಂದಿನ ವಾರ ಖಂಡಿತ," ಎಂದು ತಲೆ ತಗ್ಗಿಸಿ ಹೊರಟರು. ಬೈಕಿನ ಸದ್ದು ಗೇಟು ದಾಟಿತು.

ಆರೋಗ್ಯಮ್ಮನಿಗೆ ಅಳು ಬರಲಿಲ್ಲ, ಯಾರನ್ನಾದರೂ ಹಿಡಿದು ಜಗ್ಗಾಡಬೇಕೆನಿಸಿತು. "ಒಳಕ್ ಬನ್ನಿ," ಎಂದಳು. "ಹೊರ್ಗೆ ಯಾಕ್ ನಿಂತಿದೀರಿ."

"ನೆಲ ಹೊಲಸಾಗ್ತದ್ರಿ."

"ಆಗ್ಲಿ ಬನ್ನಿ."

ಬಂದು ಕೂತರು. ಹಾಲ್ ತುಂಬಿತು. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಮುಂದಿನ ವಾರ ಬೇಗ ಬನ್ನಿ ಎನ್ನಲು ಆರೋಗ್ಯಮ್ಮ ಬಾಯಿ ತೆರೆದಳು, ಆದರೆ ಅದು ಅವರ ಕೈಯಲ್ಲಿಲ್ಲವೆಂದು ಹೊಳೆದು ಮುಚ್ಚಿದಳು.

"ಹೆಂಗೂ ಬಂದೀವಿ," ಎಂದಳು ಚನ್ನಕ್ಕ. "ಒಂದು ಹಾಡಿ ಹೋಗ್ತೀವ್ರಿ."

ಅವಳು ಎತ್ತಿಕೊಂಡದ್ದು ಆರೋಗ್ಯಮ್ಮ ಎಂದೂ ಕೇಳದ ಹಾಡು. ಪುಸ್ತಕದಲ್ಲಿ ಇಲ್ಲದ್ದು; ಭಜನೆಯ ಧಾಟಿ, ಬೀಸುಕಲ್ಲಿನ ಓಟ. ಮುಂದಿನ ಸಾಲು ಊಹಿಸಿ ಹಿಡಿಯಲು ಒಂದೆರಡು ಸಲ ನೋಡಿದಳು, ಹಾಡು ಇನ್ನೆಲ್ಲಿಗೋ ತಿರುಗಿಕೊಂಡಿತು. ಕಡೆಗೆ ಪುಸ್ತಕವನ್ನು ಕಿಟಕಿಯ ಮೇಲಿಟ್ಟು, ಗೋಡೆಗೊರಗಿ ಅವರ ನಡುವೆ ಕೂತು, ಒಂದೇಟು ಹಿಂದುಳಿದೇ ಚಪ್ಪಾಳೆ ತಟ್ಟತೊಡಗಿದಳು. ಸಿಮೆಂಟು ಒಣಗಿದ ಅಂಗೈಗಳು ಕೂಡಿದಾಗಲೆಲ್ಲ ಸಣ್ಣ ಧೂಳು ಏಳುತ್ತಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದು ಕೆಳಗಿಳಿಯುವ ಮೊದಲೇ ಮತ್ತಷ್ಟು ಏಳುತ್ತಿತ್ತು.