ಮೂರನೆಯ ಟ್ಯಾಂಕು, ಎಲ್ಲ ಸರಿ

ಸಂತಾನ ಚಿಕಿತ್ಸೆಯ ಆ ಕೇಂದ್ರದಲ್ಲಿ ಕಂಪ್ಯೂಟರುಗಳ ಯೋಗಕ್ಷೇಮವೆಲ್ಲ ಒಬ್ಬಳ ತಲೆಯ ಮೇಲಿತ್ತು. ಮನೆಯಲ್ಲಿ ಅವಳು ಪುಟ್ಟಿ; ಇಲ್ಲಿ ಕಂಪ್ಯೂಟರ್ ಮೇಡಂ. ಪ್ರಿಂಟರು ಕಾಗದ ಕಚ್ಚಿಕೊಂಡರೂ ಅವಳೇ ಬರಬೇಕು, ಡಾಕ್ಟರು ಪಾಸ್‌ವರ್ಡ್ ಮರೆತರೂ ಅವಳೇ ಬರಬೇಕು. ಆದರೆ ಅವಳ ಜೀವವೆಲ್ಲ ಇದ್ದದ್ದು ನೆಲಮಾಳಿಗೆಯ ಮೂರನೆಯ ಟ್ಯಾಂಕಿನಲ್ಲಿ. ದೊಡ್ಡ ಹಾಲಿನ ಕ್ಯಾನಿನಂಥ ಆ ಟ್ಯಾಂಕಿನೊಳಗೆ, ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿ, ಅವಳ ಅಕ್ಕನ ಎರಡು ಭ್ರೂಣಗಳಿದ್ದವು. ಮತ್ತೊಮ್ಮೆ ಆ ಚಿಕಿತ್ಸೆಯನ್ನು ಅಕ್ಕನ ದೇಹ ತಾಳುವುದಿಲ್ಲವೆಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು.

ಸಾರಜನಕ ಸುಮ್ಮನಿರುವ ಪೈಕಿಯಲ್ಲ, ಆವಿಯಾಗುತ್ತಲೇ ಇರುತ್ತದೆ. ಟ್ಯಾಂಕಿನ ಸೆನ್ಸರು ಒಳಗಿನ ಮಟ್ಟ ನೂರಕ್ಕೆ ಎಷ್ಟಿದೆಯೆಂದು ಗಂಟೆಗೊಮ್ಮೆ ಒಂದು ಸಾಲು ಕಳಿಸುತ್ತಿತ್ತು. ಪುಟ್ಟಿ ಬರೆದ ಶೆಲ್ ಸ್ಕ್ರಿಪ್ಟು, ಎಂದರೆ ಯಂತ್ರಕ್ಕೆ ಕೊಟ್ಟ ಆಜ್ಞೆಗಳ ಪಟ್ಟಿ, ಆ ಸಾಲಿನಿಂದ ಅಂಕಿಯನ್ನು ಹೆಕ್ಕಿ, ಅದು ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಬೊಬ್ಬೆ ಹೊಡೆಯಬೇಕು. ಇಲ್ಲದಿದ್ದರೆ ‘ಮೂರನೆಯ ಟ್ಯಾಂಕು, ಎಲ್ಲ ಸರಿ’ ಎಂದು ಮೊಬೈಲಿಗೆ ಸಂದೇಶ ಕಳಿಸಬೇಕು. ಚಿಲ್ಲರೆ ದೋಷಸೂಚನೆಗಳೂ ತಮ್ಮ ಫೋನಿಗೆ ಬರುತ್ತವೆಂದು ಡಾಕ್ಟರು ಒಮ್ಮೆ ರೇಗಿದ್ದರಿಂದ, ಅವು ಹುಟ್ಟಿದಲ್ಲೇ ಅಡಗುವ ಏರ್ಪಾಡನ್ನೂ ಅವಳು ಮಾಡಿದ್ದಳು. ಈ ಕಸುಬಿನವರೆಲ್ಲ ಮಾಡುವುದೇ ಇದು. ದೂರು ಹೇಳುವವನ ಬಾಯಿ ಮುಚ್ಚಿಸಿ, ದೂರೇ ಇಲ್ಲವೆಂದು ನಿದ್ದೆ ಮಾಡುವ ಜನ!

ಅಕ್ಕನ ನಂಬರನ್ನೂ ಅವಳೇ ಆ ಸಂದೇಶಕ್ಕೆ ಸೇರಿಸಿದ್ದಳು. ಅಕ್ಕನಿಗೆ ಅದು ಹಾಸ್ಟೆಲಿನಲ್ಲಿರುವ ಮಕ್ಕಳ ಕಾಗದವಿದ್ದಂತೆ. ಬಂದಾಗಲೆಲ್ಲ ಓದುವಳು, ಭಾವನಿಗೂ ಓದಿ ಹೇಳುವಳು.

ಈಚೆಗೆ ಹಳೆಯ ಲಿನಕ್ಸ್ ಯಂತ್ರ ಕೈಕೊಟ್ಟು, ಅದರ ಜಾಗಕ್ಕೆ ಬಿಎಸ್‌ಡಿ ಹಾಕಿದ ಯಂತ್ರ ಬಂದಿತ್ತು. ಎರಡೂ ಯೂನಿಕ್ಸ್ ಎಂಬ ಹಳೆಯ ಕಾರ್ಯವ್ಯವಸ್ಥೆಯ ಮನೆತನದವೇ, ದಾಯಾದಿಗಳು. ಆಜ್ಞೆಗಳ ಹೆಸರೂ ಹೆಚ್ಚುಕಡಿಮೆ ಒಂದೇ. ಪುಟ್ಟಿ ಸ್ಕ್ರಿಪ್ಟನ್ನು ಹಾಗೆಯೇ ನಕಲು ಮಾಡಿ ಓಡಿಸಿದಳು. ಅಂದು ಟ್ಯಾಂಕು ತುಂಬಿತ್ತು. ‘ಎಲ್ಲ ಸರಿ’ ಎಂದು ಬಂತು. ಅಷ್ಟಕ್ಕೇ ಬೆನ್ನು ತಟ್ಟಿಕೊಂಡು ಎದ್ದುಬಿಟ್ಟಳು, ಪಾಪ.

ಅಕ್ಕನ ಗರ್ಭಕ್ಕೆ ಭ್ರೂಣ ಸೇರಿಸುವ ದಿನ ಬಂತು. ಭ್ರೂಣಗಳನ್ನು ಟ್ಯಾಂಕಿನಿಂದ ಇನ್ನೂ ಹೊರತೆಗೆದಿರಲಿಲ್ಲ; ಅಕ್ಕ, ಭಾವ ಮೇಲಿನ ಕೋಣೆಯಲ್ಲಿ ಕಾಯುತ್ತಿದ್ದರು. ಕೆಳಗೆ ಪುಟ್ಟಿ, ಹೊತ್ತು ಹೋಗಲೆಂದು, ರೋಗಿಗಳ ಸರದಿಯ ಸಂಖ್ಯೆ ತೆಗೆಯುವ ಇನ್ನೊಂದು ಸ್ಕ್ರಿಪ್ಟು ಬರೆಯುತ್ತಿದ್ದಳು. ಅಂಕಿ ಹೆಕ್ಕುವ ಸಾಲನ್ನು ಟ್ಯಾಂಕಿನ ಸ್ಕ್ರಿಪ್ಟಿನಿಂದಲೇ ಎತ್ತಿಕೊಂಡಳು. ಓಡಿಸಿದರೆ ಏನೂ ಬರಲಿಲ್ಲ. ದೋಷಸೂಚನೆ ಅಡಗಿಸುವ ತುಣುಕನ್ನು ಅಳಿಸಿ ಮತ್ತೆ ಓಡಿಸಿದಳು. ನೀನು ಹೇಳುವ ಸೂಚನೆ ನನಗೆ ಗೊತ್ತಿಲ್ಲ ಎಂದು ಯಂತ್ರ ಸಣ್ಣಗೆ ಹೇಳಿತು. ಸಾಲಿನಿಂದ ಬೇಕಾದ್ದನ್ನು ಹೆಕ್ಕುವ ಆಜ್ಞೆಯ ಹೆಸರು ಗ್ರೆಪ್; ಲಿನಕ್ಸಿನ ಗ್ರೆಪ್‌ಗೆ ಅರ್ಥವಾಗುತ್ತಿದ್ದ ಆ ಒಂದಕ್ಷರದ ಸೂಚನೆಯನ್ನು ಇಲ್ಲಿನ ಗ್ರೆಪ್ ಒಪ್ಪುತ್ತಿರಲಿಲ್ಲ.

ಪುಟ್ಟಿ ಟ್ಯಾಂಕಿನ ಸ್ಕ್ರಿಪ್ಟು ತೆರೆದಳು; ಅದೇ ಸಾಲು ಅಲ್ಲೂ ಇತ್ತು. ಹಾಗಾದರೆ ಟ್ಯಾಂಕಿನ ಸ್ಕ್ರಿಪ್ಟಿಗೂ ಇಷ್ಟು ದಿನ ಸಿಕ್ಕಿದ್ದು ಖಾಲಿ. ಸೊನ್ನೆ ಸಿಕ್ಕಿದ್ದರೂ ಬಚಾವು. ಸೊನ್ನೆ ಇಪ್ಪತ್ತಕ್ಕಿಂತ ಕಡಿಮೆ, ಬೊಬ್ಬೆ ಎದ್ದಿರುತ್ತಿತ್ತು. ಹೋಲಿಸಲು ಅಂಕಿಯೇ ಇಲ್ಲದ ಖಾಲಿ ಯಾವುದಕ್ಕಿಂತಲೂ ಕಡಿಮೆಯಲ್ಲ. ಕಡಿಮೆಯಲ್ಲದ್ದಕ್ಕೆಲ್ಲ ‘ಎಲ್ಲ ಸರಿ’ ಎನ್ನು ಎಂದು ಬರೆದವಳು ಅವಳೇ.

ಅವಳು ನೆಲಮಾಳಿಗೆಯ ಮೆಟ್ಟಿಲಿಳಿದು ಓಡಿದಳು. ಟ್ಯಾಂಕುಗಳ ಉಸ್ತುವಾರಿ ಅಲ್ಲಿ ಎಲ್ಲರೂ ದೊಡ್ಡಣ್ಣ ಎಂದು ಕರೆಯುವ ನಿಧಾನಸ್ಥನದು. ಕುರ್ಚಿಯಲ್ಲಿ ಕೂತು ಕೈಗವಸು ಒರೆಸುತ್ತಿದ್ದ. ಮೂರನೆಯದನ್ನು ಯಾವಾಗ ತುಂಬಿಸಿದ್ದು ಎಂದು ಕೇಳಿದಳು.

“ನಿಮ್ಮ ಮಷಿನ್ ಕೂಗಿದಾಗ ತುಂಬಿಸ್ತೀನಲ್ಲ ಮೇಡಂ. ಹೊಸದು ಬಂದ್ಮೇಲೆ ಒಂದ್ಸಲಾನೂ ಕೂಗಿಲ್ಲ. ಈ ಮಷಿನ್ ಬಂದು ಸಾರಜನಕಾನೂ ಉಳೀತು ಅಂದ್ಕೊಂಡೆ.”

“ಕೋಲು ಹಾಕಿ ನೋಡಿದ್ರಾ ದೊಡ್ಡಣ್ಣ?”

ಅವನು ಎದ್ದು ಬೀರುವಿನ ಕಡೆ ನಡೆದ. ಸೆನ್ಸರು ಬರುವ ಮೊದಲು ಅವನು ದಿನವೂ ಮುಚ್ಚಳ ತೆಗೆದು ಕಪ್ಪು ಅಳತೆಕೋಲು ಇಳಿಸಿ ನೋಡುತ್ತಿದ್ದ. ಹೊರತೆಗೆದು ಗಾಳಿಯಲ್ಲಿ ಬೀಸಿದರೆ, ಸಾರಜನಕ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಕೋಲಿಗೆ ಬೆಳ್ಳಗೆ ಹಿಮ ಕಟ್ಟುತ್ತಿತ್ತು. ಆ ಕೋಲೀಗ ಬೀರುವಿನ ಹಿಂದೆ ಧೂಳು ತಿನ್ನುತ್ತಿತ್ತು.

ದೊಡ್ಡಣ್ಣ ಮುಚ್ಚಳ ಎತ್ತಿದ. ಎತ್ತಿದೊಡನೆ ಹೊರಚೆಲ್ಲಬೇಕಾದ ಬಿಳಿ ಹಬೆ ಏಳಲಿಲ್ಲ. ಕೋಲನ್ನು ತಳ ಮುಟ್ಟುವವರೆಗೂ ಇಳಿಸಿದ, ಕಾದ, ಎತ್ತಿ ಬೀಸಿದ. ಕೋಲು ಕಪ್ಪಗೇ ಇತ್ತು. ಅವನು ಇನ್ನೊಮ್ಮೆ ಬೀಸಿದ, ಮತ್ತೊಮ್ಮೆ ಬೀಸಿದ. ಆಮೇಲೆ ಕೋಲಿನ ತುದಿಯನ್ನು ಬರಿಗೈಯಲ್ಲಿ ಹಿಡಿದುಕೊಂಡ. ಅದು ಕೈ ಸುಡುವಷ್ಟು ತಣ್ಣಗಿರಬೇಕಿತ್ತು.

ಪುಟ್ಟಿಗೆ ಅಳುವೂ ಬರಲಿಲ್ಲ. ಜೇಬಿನಲ್ಲಿ ಮೊಬೈಲು ಟಿಂಗೆಂದಿತು. ತೆಗೆದು ನೋಡುವ ಧೈರ್ಯ ಅವಳಿಗಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಆಸ್ಪತ್ರೆಯ ನೀಲಿ ಗೌನು ತೊಟ್ಟ ಅಕ್ಕ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಫೋನು ಹಿಡಿದು ಇಳಿದು ಬರುತ್ತಿದ್ದಳು.

“ಕರೆದ್ರು ಕಣೇ ಪುಟ್ಟಿ, ನೀನೂ ಬಾ. ನನಗ್ಯಾಕೋ ಭಯ ಆಗಿತ್ತು, ಅಷ್ಟರಲ್ಲಿ ಇದು ಬಂತು ನೋಡು,” ಎಂದು ಅಕ್ಕ ಫೋನನ್ನು ತಂಗಿಯ ಮುಖದ ಹತ್ತಿರ ಹಿಡಿದಳು.