ನೊಗಕ್ಕೆ ಕಟ್ಟಿದ ಫೋನು

ಸಂಗಯ್ಯ ಆ ಮಾತು ಕೊಟ್ಟದ್ದು ಒಂಬತ್ತು ವರ್ಷದ ಹಿಂದೆ, ರಂಜಾನಬಿಯ ಮನೆಕಟ್ಟೆಯ ಮೇಲೆ ಕುಂತು, ಎರಡನೇ ರೊಟ್ಟಿ ಮುರಿಯುತ್ತ. ಆಗ ಅವನು ಸೋಲಾರ್ ಕಂಪನಿಗೆ ಹೊಲ ಹಿಡಿದು ಕೊಡುವ ಏಜೆಂಟ. ಬಗಲಲ್ಲಿ ಕಾಗದದ ಕಟ್ಟು, ಬಾಯಲ್ಲಿ ಬರೀ 'ಅಕ್ಕಾರ'.

"ಅಕ್ಕಾರ, ನಿಮ್ಮ ರೊಟ್ಟಿ ತಿಂದ ಬಾಯಿಲೇ ಹೇಳ್ತೇನಿ. ಈ ಹೊಲದಾಗ ಹುಟ್ಟೂ ಕರೆಂಟು ಮೊದಲು ನಿಮಗ. ಉಳದದ್ದು ಬೆಂಗಳೂರಿಗೆ."

ರಂಜಾನಬಿಯ ಗಂಡ ಗೌಸಸಾಬ ಅಮೀನಗಡದ ಸಂತೆಯಲ್ಲಿ ಎತ್ತಿನ ದಲಾಲಿ ಮಾಡುತ್ತಿದ್ದವನು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ಮನುಷ್ಯನ ಹಲ್ಲು ನೋಡುವುದು ಬರಲಿಲ್ಲ. ಹೆಬ್ಬೆಟ್ಟು ಒತ್ತಿದ. ಈಗ ಗೌಸಸಾಬ ಇಲ್ಲ. ಅವನ ನಾಲ್ಕೆಕರೆ ಎರಿ ಹೊಲದ ಮೇಲೆ, ಸುತ್ತಲಿನ ಹೊಲಗಳ ಮೇಲೆ, ಕಣ್ಣು ಹಾಯುವವರೆಗೆ ಕರೀ ಪ್ಲೇಟುಗಳು ಆಕಾಶ ನೋಡುತ್ತ ಮಲಗಿವೆ. ಸಂಗಯ್ಯ ಅಲ್ಲಿಯ ಸಾಹೇಬ ಆಗಿದ್ದಾನೆ. ರಂಜಾನಬಿ ತನ್ನ ಹೊಲದಲ್ಲೇ ನಿಂತು ಪ್ಲೇಟು ತೊಳೆಯುತ್ತಾಳೆ. ಮನೆಯ ಕರೆಂಟ್ ಬಿಲ್ಲನ್ನು ತಾನೇ ಕಟ್ಟುತ್ತಾಳೆ.

"ಏ ಮುದುಕಿ! ಮತ್ತ ಫೋನ್ ಸತ್ತೈತಿ ಅಂತ ಬಂದೀಯಲ್ಲ, ನಾಚಿಕಿ ಬರಂಗಿಲ್ಲ?"

ಇದು ಆಚೆ ಮೊನ್ನೆ ಸಂಜೆ ಸಂಗಯ್ಯ ಅವಳಿಗೆ ಅಂದದ್ದು, ಗೇಟಿನ ಹತ್ತಿರ, ಪ್ಲೇಟು ತೊಳೆಯುವ ನಮ್ಮ ಏಳೂ ಜನರ ಮುಂದೆ.

"ಖರೇನ ಸತ್ತೈತ್ರಿ ಸಾಹೇಬ್ರ. ಮೂರಕ್ಕ ಕಣ್ಣು ಮುಚ್ಚೈತಿ."

"ಡಬ್ಬಿ ಮ್ಯಾಲ ಏನ್ ಬರದಾರ? ಎರಡು ದಿನ ಬರ್ತೈತಿ ಅಂತ ಬರದಾರ! ಕಂಪನಿಯವರು ಮಳ್ಳರೇನು? ನೀವು ರಂಡೇರು ಪ್ಲೇಟಿನ ನೆರಳಿಗೆ ಕುಂತು ಸಿನಿಮಾ ನೋಡ್ತೀರಿ. ಹೋಗ್ರಿ, ಅರ್ಧ ಪಗಾರ."

ಏಳು ಹೆಂಗಸರಿಗೆ ಕಂಪನಿ ಕೊಟ್ಟದ್ದು ಒಂದೇ ಫೋನು. ಬೆಳಿಗ್ಗೆ ಏಳಕ್ಕೆ ಏಳೂ ಮುಖಗಳ ಫೋಟೋ ತೆಗೆಯಬೇಕು. ಆಮೇಲೆ ಪ್ರತಿ ಸಾಲಿನ ಪ್ಲೇಟು ತೊಳೆಯುವ ಮೊದಲು ಒಂದು ಫೋಟೋ, ತೊಳೆದಾದ ಮೇಲೆ ಒಂದು. ನಾವು ಎಲ್ಲಿದ್ದೇವೆ ಎಂದು ಫೋನು ದಿನವೆಲ್ಲ ತಾನೇ ಹೇಳುತ್ತಿರುತ್ತದೆ. ಸಂಜೆ ಐದಕ್ಕೆ ಮತ್ತೆ ಏಳು ಮುಖ. ಆ ಮುಖ ಬೀಳದಿದ್ದರೆ ನಾವು ಮಧ್ಯಾಹ್ನವೇ ಎದ್ದು ಹೋದ ಹಾಗೆ. ನಾವು ಎದುರಿಗೇ ನಿಂತಿದ್ದರೂ ಹೋದ ಹಾಗೆ. ಈ ತಿಂಗಳಲ್ಲಿ ನಾವು ಆರು ಸಲ ಹೀಗೆ ನಿಂತಲ್ಲೇ ಮನೆಗೆ ಹೋಗಿದ್ದೆವು.

ಫೋನನ್ನು ಸಾಯದಂತೆ ನೋಡಿಕೊಳ್ಳಲು ನಾವು ಮಾಡದ್ದಿಲ್ಲ. ನಾನು ಮೂರು ಮಕ್ಕಳನ್ನು ಹಡೆದವಳು, ಒಂದಕ್ಕೂ ಇಷ್ಟು ಆರೈಕೆ ಮಾಡಿಲ್ಲ. ಒದ್ದೆ ಅರಿವೆಯಲ್ಲಿ ಸುತ್ತಿದೆವು. ಛತ್ರಿ ಹಿಡಿದೆವು, ಒಬ್ಬಳು ಫೋನಿಗೆ ನೆರಳು ಮಾಡಲು, ಆರು ಜನ ಬಿಸಿಲಿಗೆ. ಬೆಣ್ಣೆ ಕರಗದಂತೆ ಇಡುವ ಹಾಗೆ ನೀರಿನ ಕೊಡದ ಬುಡದ ಹಸಿ ಉಸುಕಿನಲ್ಲಿಟ್ಟೆವು. ಅವತ್ತು ಬ್ಯಾಟರಿ ಐದರ ತನಕ ಬಂತು, ಆದರೆ ಕ್ಯಾಮೆರಾದ ಗಾಜಿನೊಳಗೆ ಮಂಜು ಕಟ್ಟಿ 'ಮುಖ ಪತ್ತೆಯಾಗಿಲ್ಲ' ಅಂದಿತು. ಏಳು ಸಲ ಅಂದಿತು.

ನಮ್ಮ ಏಳರಲ್ಲಿ ಒಬ್ಬಳು ಗುರುಲಿಂಗವ್ವ, ಒಮ್ಮೆ ಫೋನನ್ನು ಒಯ್ದು ಸೋಲಾರ್ ಪ್ಲೇಟಿನ ಮೇಲೆಯೇ ಅಂಗಾತ ಮಲಗಿಸಿದಳು.

"ಏನ್ ಮಾಡಾಕ ಹತ್ತೀಯವಾ?" ಅಂದೆ.

"ಚಾರ್ಜಿಗಿ ಇಟ್ಟೇನಿ. ಇಲ್ಲಿಂದ ಬೆಂಗಳೂರಿಗೆ ಹೋಗತೈತಂತ ಕರೆಂಟು. ಒಂದು ಗೇಣು ಮ್ಯಾಲ ಏರಾಕ ಏನ್ ಧಾಡಿ ಇದಕ್ಕ?"

ಹತ್ತು ನಿಮಿಷಕ್ಕೆ ಫೋನು ರೊಟ್ಟಿಯ ಹಂಚಿನಂತೆ ಕಾದು, ಏನೋ ಕೆಂಪಗೆ ತೋರಿಸಿ, ಆರಿತು. ಗುರುಲಿಂಗವ್ವ ಕಂಪನಿಯ ಏಳು ತಲೆಮಾರನ್ನು ಹೆಸರು ಗೊತ್ತಿಲ್ಲದಿದ್ದರೂ ಸಾಲಾಗಿ ಬೈದಳು.

ಅರ್ಧ ಪಗಾರ ಅಂದನಲ್ಲ, ಮರುದಿನ ಸಂಗಯ್ಯ ಫೋನಿನ ಪರೀಕ್ಷೆ ಮಾಡಿದ. ಮೇಲಿನ ಆಫೀಸಿನವರು ಅವನಿಗೆ ಕಾಗದ ಕಳಿಸಿದ್ದರಂತೆ: ದಿನಬಳಕೆಯಲ್ಲಿ ಬ್ಯಾಟರಿ ಎಷ್ಟು ತಾಸು ಬರುತ್ತದೆ, ನೋಡಿ ಬರೆಯಿರಿ. ಅವನು ಫೋನಿಗೆ ನೂರು ತುಂಬಿಸಿ, ಏಸಿ ಹಾಕಿದ ಕಂಟ್ರೋಲ್ ರೂಮಿನಲ್ಲಿ ಮೇಜಿನ ಮೇಲೆ ಬೋರಲಾಗಿಟ್ಟು, ನೆಟ್ಟು ಪಟ್ಟು ಎಲ್ಲ ಬಂದ್ ಮಾಡಿ, ತಾನು ಊಟ ಮಾಡಿ ಒಂದು ನಿದ್ದೆ ತೆಗೆದ. ಸಂಜೆ ನಮ್ಮನ್ನು ಬಾಗಿಲಿಂದ ದೂರ ಅಂಗಳದಲ್ಲಿ ನಿಲ್ಲಿಸಿ, ಒಳಗಿನಿಂದ ಓದಿದ.

"ಎಂಟು ತಾಸಿನ್ಯಾಗ ಮೂರೇ ಮೂರು ಪರ್ಸೆಂಟ್ ಇಳದೈತಿ. ಬ್ಯಾಟರಿ ಗಟ್ಟಿ ಐತಿ. ತಪ್ಪೆಲ್ಲ ಬಳಸೋರದು. ನಾಳೆ ಸಂಜಿ ಈ ರಿಪೋರ್ಟ್ ಹೋಗತೈತಿ. ನಾಡದ ನಿಮ್ಮ ಗ್ಯಾಂಗ್ ಬ್ಯಾಡ. ನನ್ನ ಮಾವನ ಊರಿಂದ ಬ್ಯಾರೆ ಹೆಣ್ಮಕ್ಕಳು ಬರ್ತಾರ."

ನನ್ನ ಕಣ್ಣ ಮುಂದೆ ಮನೆಯ ಹಿಟ್ಟಿನ ಡಬ್ಬಿ ಬಂತು. ಆಗ ರಂಜಾನಬಿ ಬಾಯಿ ತೆಗೆದಳು.

"ಸಾಹೇಬ್ರ, ಎತ್ತು ತಗೊಳ್ಳೂಮುಂದ ಕೊಟ್ಟಿಗ್ಯಾಗ ಮಲಗಿಸಿ ನೋಡ್ತಾರೇನ್ರಿ?"

"ಏನ್ ಎತ್ತು? ಯಾ ಎತ್ತು?"

"ನಮ್ಮ ಮನ್ಯಾನವ ಇಪ್ಪತ್ತು ವರ್ಷ ದಲಾಲಿ ಮಾಡ್ಯಾನ. ಮಲಗಿದ ಎತ್ತು ಎಲ್ಲಾನೂ ಗಟ್ಟಿ. ಗಳೆ ಹೂಡಿ ನೋಡಬೇಕು. ಅದಕ್ಕೊಂದು ಪದ್ಧತಿ ಐತಿ: ಒಂದು ದಿನ ಕೊಳ್ಳಾಂವನ ಹೊಲದಾಗ ಹೂಡಬೇಕು, ಮಾರಾಂವ ಹಿಂದ ಹಿಂದ ನಡೀಬೇಕು. ಎತ್ತು ಹೊತ್ತು ಮುಳುಗೂ ತನಕ ನಿಂತ್ರ ಯಾಪಾರ. ನಡಕ ಮಕ್ಕೊಂಡ್ರ ಮಾರಾಂವ ಮೇವು ಹಾಕಿ ಹೊಡಕೊಂಡು ಹೋಗಬೇಕು. ಅದನ್ನ ಅವತ್ತ ಮತ್ತ ಹೂಡಂಗಿಲ್ಲ."

"ಅಂದ್ರ?"

"ಅಂದ್ರ ನಾಳೆ ಫೋನ್ ನೀವು ಹಿಡೀರಿ. ನಮ್ಮ ಹಿಂದ ಬರ್ರಿ. ಐದರ ತನಕ ಬದುಕಿತಂದ್ರ ನಾವಾ ಹೋಗ್ತೇವಿ, ಗೇಟಿಗಿ ನಮಸ್ಕಾರ ಮಾಡಿ. ಸತ್ತಿತಂದ್ರ ಆ ರಿಪೋರ್ಟ್ ಹರೀರಿ."

"ಅಯ್ಯ, ಬಿಡ ಯಕ್ಕಾ," ಗುರುಲಿಂಗವ್ವ ನಡುವೆ ಬಾಯಿ ಹಾಕಿದಳು. "ಸಾಹೇಬ್ರು ಬಿಸಲಿಗಿ ಬಂದ್ರ ಕರಗ್ತಾರ. ನಾವು ಬರೀ ಪ್ಲೇಟ್ ತೊಳ್ಯಾಕ ಬಂದೇವಿ, ಸಾಹೇಬ್ರನ್ನ ಬಳಿಯಾಕ ಯಾರು ಬರಬೇಕು?"

ಏಳೂ ಜನ ನಕ್ಕೆವು. ಗೇಟಿನ ವಾಚಮನ್ ಅರ್ಜು ಕೆಮ್ಮಿದ ಹಾಗೆ ಮಾಡಿ ಆ ಕಡೆ ತಿರುಗಿದ. ಸಂಗಯ್ಯನಿಗೆ ಅದು ನಟ್ಟಿತು.

"ಬರ್ತೇನಿ ಹೋಗ ಬಿಕನಾಸಿ! ನಾಳೆ ಏಳಕ್ಕ!"

ಬಂದ. ಬಿಳೀ ಅಂಗಿ, ಕರೀ ಕನ್ನಡಕ, ಕೊರಳಿಗೆ ಟವಲ್ಲು. ಏಳಕ್ಕೆ ಫೋನು ನೂರು ತೋರಿಸಿತು. ತನ್ನ ಮುಖವನ್ನೂ ಅದಕ್ಕೆ ತೋರಿಸಿ ಫೋಟೋ ತೆಗೆದ. ಮೇಲಿನವರಿಗೆ ಸಾಕ್ಷಿ ಬೇಕಿತ್ತು. ಫೋನು ಅವನನ್ನು ಎಂಟನೇ ಆಳು ಎಂದು ಬರೆದುಕೊಂಡಿತು.

ಮೊದಲ ಸಾಲಿಗೆ ತೊಂಬತ್ತಾರು. "ನೋಡ್ರಿ, ಕುದರಿ ಇದ್ದಂಗ ಐತಿ!" ಅಂದ.

ಐದನೇ ಸಾಲಿಗೆ ಎಂಬತ್ತು. ಅಲ್ಲಿಂದ ಮುಂದೆ ತಗ್ಗು, ನೆಟ್ಟು ಸಿಗುವುದಿಲ್ಲ. ಫೋನು ಟವರ್ ಹುಡುಕುತ್ತ ಕಾವೇರತೊಡಗಿತು. ಬಿಸಿಲಿಗೆ ಪರದೆ ಕಾಣದೆ ಸಂಗಯ್ಯ ಬೆಳಕನ್ನು ಪೂರಾ ಏರಿಸಿದ. ಹಾಗೆ ಮಾಡಿದರೆ ಜೀವ ಬೇಗ ಇಳಿಯುತ್ತದೆಂದು ನಮಗೆ ಗೊತ್ತಿತ್ತು. ಆದರೆ ನಾವು ದಿನಾ ಅದನ್ನೇ ಮಾಡುತ್ತಿದ್ದೆವು. ಇಲ್ಲದಿದ್ದರೆ ಯಾವ ಗುಂಡಿ ಒತ್ತಬೇಕೋ ಕಾಣುವುದಿಲ್ಲ.

ಒಂಬತ್ತನೇ ಸಾಲಿಗೆ ಐವತ್ತೇಳು. ಅಂಗಿ ಬೆನ್ನಿಗೆ ಅಂಟಿತ್ತು. ಫೋಟೋ ಹೋಗಲೊಲ್ಲದು. ಸಂಗಯ್ಯ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಸುತ್ತು ತಿರುಗಿದ.

"ಮೆಲ್ಲಕ ತಿರಗ್ರಿ ಸಾಹೇಬ್ರ," ಗುರುಲಿಂಗವ್ವ ವೈಪರ್ ಊರಿ ನಿಂತು ಹೇಳಿದಳು, "ಕಣದಾಗ ಎತ್ತು ತಿರಗಿದಂಗ ಆಗಾಕ ಹತ್ತೈತಿ."

"ನೀ ಮುಚ್ಚಲೇ!"

"ಮುಚ್ಚಿದ್ರ ಫೋಟೋದಾಗ ಮುಖ ಹೆಂಗ ಬೀಳತೈತ್ರಿ?"

ಹನ್ನೆರಡು ಗಂಟೆಗೆ ಮೂವತ್ತೊಂದು. ಈಗ ಸಂಗಯ್ಯನೂ ಫೋನನ್ನು ಟವಲ್ಲಿನಲ್ಲಿ ಸುತ್ತತೊಡಗಿದ. ಟ್ಯಾಂಕರಿನ ನೆರಳು ಹುಡುಕಿದ. ಊದಿದ. ನಮ್ಮ ಕೊಡದ ನೀರು ತೆಗೆದು ಟವಲ್ಲು ಒದ್ದೆ ಮಾಡಿದ. ಒಂದು ಸಲ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಅದನ್ನು ಎದೆಗೆ ಒತ್ತಿ "ಐದರ ತನಕ, ಐದರ ತನಕ" ಅಂದದ್ದು ನಾನು ಕೇಳಿಸಿಕೊಂಡೆ. ಮಂಜು ಕಟ್ಟುತ್ತದೆ, ಒದ್ದೆ ಅರಿವೆ ಬೇಡ ಎಂದು ಹೇಳೋಣವೆನಿಸಿತು. ಹೇಳಲಿಲ್ಲ.

ಒಂದು ಇಪ್ಪತ್ತಕ್ಕೆ, ಹದಿನಾರನೇ ಸಾಲಿನಲ್ಲಿ, ಗೌಸಸಾಬನ ಹೊಲದ ಬದು ಮೊದಲು ಎಲ್ಲಿತ್ತೋ ಸರಿಯಾಗಿ ಅಲ್ಲಿ, ಫೋನು ಸತ್ತಿತು. ಹತ್ತರಿಂದ ಒಮ್ಮೆಗೇ ಇಲ್ಲವಾಯಿತು. ಸಂಗಯ್ಯ ಅದನ್ನು ಅಲ್ಲಾಡಿಸಿದ. ತೊಡೆಗೆ ಬಡಿದ.

"ಎತ್ತು ಮಕ್ಕೊಂಡಿತು," ರಂಜಾನಬಿ ಹೇಳಿದಳು.

"ನೀವಾ ಕೆಡಿಸಿಟ್ಟೀರಿ ಇದನ್ನ! ಉಸುಕಿನ್ಯಾಗ ಹುಗದು, ಪ್ಲೇಟಿನ ಮ್ಯಾಲ ಸುಟ್ಟು... ನಿನ್ನಿ ರಿಪೋರ್ಟಾ ಕಳಸ್ತೇನಿ ನಾ. ಏನ್ ಹರಕೋತೀರಿ ಹರಕೋರಿ!"

ಅಂದವನೇ ಕಂಟ್ರೋಲ್ ರೂಮಿನ ಕಡೆ ದಡದಡ ನಡೆದ. ಸಂಜೆಯ ಫೋಟೋ ಅವನಿಗೂ ಬೇಕಿತ್ತು. ಇಲ್ಲದಿದ್ದರೆ ಎಂಟನೇ ಆಳು ಮಧ್ಯಾಹ್ನವೇ ಓಡಿಹೋದ ಎಂದು ಮೇಲಿನವರಿಗೆ ಹೋಗುತ್ತಿತ್ತು. ನಾವು ವೈಪರ್‌ಗಳನ್ನು ಸಾಲಿನಲ್ಲೇ ಮಲಗಿಸಿ ಅವನ ಹಿಂದೆ ನಡೆದೆವು. ಯಾರೂ ಹೇಳಲಿಲ್ಲ, ಕಾಲುಗಳೇ ನಡೆದವು.

ಕಂಟ್ರೋಲ್ ರೂಮಿನ ಗೋಡೆಗೆ ಒಂದು ಫಲಕವಿದೆ: ಕೆಲಸಗಾರರು ಇಲ್ಲಿ ಮೊಬೈಲ್ ಚಾರ್ಜ್ ಮಾಡಬಾರದು. ಅದರ ಕೆಳಗಿನ ಸ್ವಿಚ್ ಬೋರ್ಡಿಗೆ ಸಂಗಯ್ಯ ಚಾರ್ಜರ್ ಚುಚ್ಚಿದ. ನಾವು ಬಾಗಿಲಲ್ಲಿ ನಿಂತಿದ್ದೆವು. ಒಳಗಿನ ತಂಪು ಬಂದು ಮುಖಕ್ಕೆ ತಾಗಿತು. ಮೂರು ವರ್ಷದಲ್ಲಿ ಆ ತಂಪು ನಮಗೆ ತಾಗಿದ್ದು ಅದೇ ಮೊದಲು.

"ಒಳಗ ಬರಬ್ಯಾಡ್ರಿ! ಕೆಸರು ಕಾಲು!"

ರಂಜಾನಬಿ ಒಳಗೆ ಹೋದಳು. ಕೆಸರಿನ ಹೆಜ್ಜೆ ಬಿಳೀ ನೆಲದ ಮೇಲೆ ಒಂದೊಂದೇ ಬಿದ್ದವು.

"ಸಾಹೇಬ್ರ, ಈ ಬೋರ್ಡಿನ್ಯಾಗ ಬರೂ ಕರೆಂಟು ಎಲ್ಲಿದು?"

"ಎಲ್ಲಿದಂದ್ರ? ಇಲ್ಲೀದಾ. ಹೊರಗ ನಡಿ!"

"ಇಲ್ಲೀದಂದ್ರ ನನ್ನ ಹೊಲದ್ದು."

ಅಷ್ಟೇ ಹೇಳಿ ಬೋರ್ಡಿನ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ ಕುಂತಳು. ಫೋನು ತನ್ನ ಉಡಿಯಲ್ಲಿಟ್ಟುಕೊಂಡಳು. ನಾವೂ ಹೋಗಿ ಸಾಲಾಗಿ ಕುಂತೆವು. ಗುರುಲಿಂಗವ್ವ ಬುತ್ತಿ ಬಿಚ್ಚಿದಳು.

"ಎದ್ದೇಳ್ರಿ! ಕೆಲಸಾ ಯಾರು ಮಾಡಬೇಕು? ಪ್ಲೇಟ್ ಮ್ಯಾಲ ಧೂಳ ಕುಂದರತೈತಿ!"

"ಮಕ್ಕೊಂಡ ಎತ್ತು ಮೇವು ತಿನ್ನಾಕ ಹತ್ತೈತ್ರಿ," ಗುರುಲಿಂಗವ್ವ ಚಟ್ನಿ ಹಂಚುತ್ತ ಹೇಳಿದಳು. "ಅವತ್ತ ಮತ್ತ ಹೂಡಂಗಿಲ್ಲ. ಪದ್ಧತಿ ಐತಿ. ನೀವಾ ಒಪ್ಪೀರಿ."

"ಪೊಲೀಸರನ್ನ ಕರೀತೇನಿ!"

"ಕರೀರಿ."

ಸಂಗಯ್ಯ ಜೇಬಿನಿಂದ ತನ್ನ ಸ್ವಂತ ಫೋನು ತೆಗೆದ. ಅರ್ಧ ದಿನ ಬಿಸಿಲಲ್ಲಿ ಜೇಬಿನಲ್ಲಿ ಕುದ್ದು ಅದೂ ಸತ್ತಿತ್ತು. ಅಲ್ಲಿದ್ದ ಚಾರ್ಜರ್ ಒಂದೇ, ಅದರ ತುದಿ ರಂಜಾನಬಿಯ ಉಡಿಯಲ್ಲಿ. ಅವನು ಅರ್ಜುವನ್ನು ಕೂಗಿದ. ಅರ್ಜು ಗೇಟಿನಿಂದ ಬಂದು, ನಮ್ಮನ್ನು ನೋಡಿ, ನೆಲದ ಹೆಜ್ಜೆಗಳನ್ನು ನೋಡಿ, "ನಂದು ಬಟನ್ ಫೋನ್ರಿ ಸಾಹೇಬ್ರ, ಕರೆನ್ಸಿ ಇಲ್ಲ," ಅಂದು ವಾಪಸು ಹೋದ.

"ಅಕ್ಕಾರ," ಅಂದ ಸಂಗಯ್ಯ ಆಮೇಲೆ. ಒಂಬತ್ತು ವರ್ಷದ ನಂತರ ಆ ಶಬ್ದ ಅವನ ಬಾಯಿಂದ ಬಂತು. "ಐದು ನಿಮಿಷ ನನ್ನ ಫೋನಿಗಿ ಕೊಡ್ರಿ. ಐದಾ ನಿಮಿಷ."

"ಹೊಲದ್ದು ಮೊದಲು ನಮಗ," ರಂಜಾನಬಿ ರೊಟ್ಟಿ ಮುರಿಯುತ್ತ ಹೇಳಿದಳು. "ಉಳದದ್ದು ನಿಮಗ."

ಸಂಜೆ ಐದಕ್ಕೆ ಎಂಟು ಮುಖ ಬಿದ್ದವು. ಏಸಿಯ ತಂಪಿಗೆ ನಮ್ಮ ಮುಖಗಳು ಫೋಟೋದಲ್ಲಿ ಬೇರೆ ಯಾರದೋ ಎಂಬಂತೆ ಕಂಡವು. ಫೋನು ಮಾತ್ರ ಒಂದೂ ತಕರಾರು ಮಾಡಲಿಲ್ಲ, ಎಂಟೂ ಜನಕ್ಕೆ ಪೂರ್ತಿ ದಿನ ಕೊಟ್ಟಿತು. ಸಂಗಯ್ಯ ರಿಪೋರ್ಟನ್ನು ಹರಿಯಲಿಲ್ಲ, ಕಳಿಸಲೂ ಇಲ್ಲ, ಮಡಚಿ ಜೇಬಿಗಿಟ್ಟುಕೊಂಡ. "ನಾಳೆ ನೋಡ್ತೇನಿ ನಿಮ್ಮನ್ನ," ಅಂದ. "ನಾವೂ ಬರ್ತೇವಿ," ಅಂದೆವು.

ಇವತ್ತು ಬೆಳಿಗ್ಗೆ ಬಂದು ನೋಡಿದರೆ ಆ ಬೋರ್ಡಿನ ಮೇಲೆ ಹಲಗೆ ಬಡಿದಿದ್ದರು, ಆರು ಮೊಳೆ. ರಂಜಾನಬಿ ವೈಪರ್ ಹಿಡಿದು ಬಾಗಿಲಲ್ಲಿ ನಿಂತು ಮೊಳೆ ಎಣಿಸಿದಳು.

ಹೊಲದ ಕರೆಂಟು ಮೊದಲು ನಿಮಗೆ ಎಂದು ಸಂಗಯ್ಯ ಕೊಟ್ಟಿದ್ದ ಮಾತು ನಿನ್ನೆ ಮೂರೂವರೆ ತಾಸು ಉಳಿಯಿತು.