ಗೋಡೆಗೆ ಅಂಟಿಸಿದ ಗಾಜು

ಶೆಫೀಲ್ಡಿನ ಆ ಇಳಿಜಾರು ಬೀದಿಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಒಂದು ಭಾನುವಾರ ವಿನಿಫ್ರೆಡ್ ಓಗ್ಲಿಯ ತಟ್ಟೆಯಿಂದ ಜಾರಿದ ಬಟಾಣಿ ಕಾಳಿಗೆ ಇಡೀ ಅಧ್ಯಾಯ ಮೀಸಲಿಡಬೇಕು. ಬಿದ್ದದ್ದು ದೊಡ್ಡದಲ್ಲ, ಆದರೆ ಬಿದ್ದ ಕಾಳು ತನಗೇನೋ ಕೆಲಸವಿದೆಯೆಂಬಂತೆ ಪಕ್ಕದ ಮನೆಯ ಗೋಡೆಯತ್ತ ಉರುಳಿಹೋಯಿತು. ನಲವತ್ತು ವರ್ಷಗಳಲ್ಲಿ ಆ ಮನೆಯ ಯಾವ ಬಟಾಣಿಯೂ ಹಾಗೆ ನಡೆದುಕೊಂಡಿರಲಿಲ್ಲ.

ಅದು ಜೋಡಿಮನೆ: ನಡುವೆ ಒಂದೇ ಗೋಡೆ, ಅದರ ನೆತ್ತಿಯ ಮೇಲೆ ಇಬ್ಬರಿಗೂ ಸೇರಿದ ಒಂದೇ ಚಿಮಣಿ. ಆಚೆ ಅರ್ಧವನ್ನು ಕೊಂಡ ಸ್ಟುವರ್ಟ್ ಇಬಟ್ಸನ್‌ಗೆ ಅಡುಗೆಮನೆ ಸಾಲದಾಗಿತ್ತು; ಅದನ್ನು ಹಿತ್ತಿಲಿನತ್ತ ಹಿಗ್ಗಿಸುತ್ತಿದ್ದ. ಹಿತ್ತಿಲು ಇಳಿಜಾರಾದ್ದರಿಂದ ಅವನ ಮೇಸ್ತ್ರಿ ಸ್ಟಾನಿಫರ್ತ್ ಗೋಡೆಯ ಬುಡಕ್ಕೇ ಮಣ್ಣು ಕಡಿಯುತ್ತಿದ್ದ. ನೆರೆಯವಳ ಒಪ್ಪಿಗೆ ಕೇಳಿ ಪತ್ರ ಬಂದಾಗ ವಿನಿಫ್ರೆಡ್ ಓದದೆಯೇ ಸಹಿ ಹಾಕಿದ್ದಳು, ಓದಿದರೆ ಅನುಮಾನಪಟ್ಟಂತಾಗುತ್ತದಲ್ಲ.

ಸೋಮವಾರ ಟೀಗೆ ಬಂದ ಸ್ಟಾನಿಫರ್ತ್ ಅವಳ ಗೋಡೆಯಲ್ಲೊಂದು ಕೂದಲೆಳೆ ಬಿರುಕು ಕಂಡು, ಅದಕ್ಕಡ್ಡಲಾಗಿ ಬೆರಳುದ್ದದ ಗಾಜಿನ ಪಟ್ಟಿ ಅಂಟಿಸಿದ.

"ಅಮ್ಮಾವ್ರೇ, ಇವನೇ ನಮ್ಮ ಕಾವಲುಗಾರ. ಗೋಡೆ ಕದಲಿದ್ರೆ ಒಡೀತಾನೆ. ಒಡೆದ ತಕ್ಷಣ ನನ್ನ ಕೂಗಿ, ಅಗೆಯೋದು ನಿಲ್ಲಿಸ್ತೀನಿ."

"ನಿಮ್ಮ ಕೆಲಸಕ್ಕೆ ನಾನ್ಯಾಕಪ್ಪ ಅಡ್ಡ ಬರ್ಲಿ. ಟೀ ಆರ್ತಾ ಇದೆ, ಕುಡೀರಿ."

ಮಂಗಳವಾರ ಧೂಳು ಒರೆಸುವಾಗ ನೋಡಿದರೆ ಪಟ್ಟಿ ಎರಡು ತುಂಡು. ವಿನಿಫ್ರೆಡ್ ಕೈಯಲ್ಲಿದ್ದ ಬಟ್ಟೆಯನ್ನು ನೋಡಿ ನಾಚಿದಳು. ಪರರ ಸಾಮಾನು ಒಡೆದೆನೆಂದು ಹೇಳುವುದಕ್ಕಿಂತ ದೊಡ್ಡ ಅವಮಾನ ಅವಳ ಪಾಲಿಗೆ ಇನ್ನೊಂದಿರಲಿಲ್ಲ. ತೀರಿಹೋದ ಗಂಡ ಟೊಮೇಟೊ ಬೆಳೆಯುತ್ತಿದ್ದ ಗಾಜುಮನೆಯಿಂದ ಚೂರೊಂದನ್ನು ತಂದು, ಅಳತೆಗೆ ಕೊಯ್ದು ಅಂಟಿಸಿದಳು.

ಗುರುವಾರ ಅದೂ ಒಡೆದಿತ್ತು. ಆ ದಿನ ಅವಳು ಧೂಳು ಒರೆಸಿರಲೇ ಇಲ್ಲ. ಬಾಗಿಲನ್ನು ಜೋರಾಗಿ ಎಳೆದದ್ದಕ್ಕೇ ಇರಬೇಕು ಎಂದುಕೊಂಡಳು. ಈಗೀಗ ಜೋರಾಗಿ ಎಳೆಯದೆ ಅದು ಮುಚ್ಚುತ್ತಲೂ ಇರಲಿಲ್ಲ. ಈ ಸಲ ಗಾಜನ್ನು ಸ್ವಲ್ಪ ಉದ್ದ ಕೊಯ್ಯಬೇಕಾಯಿತು. ಚಿಮಣಿಯೊಳಗಿಂದ ಮಸಿ ಉದುರುವ ಸಣ್ಣ ಸದ್ದು ಮಧ್ಯಾಹ್ನವೆಲ್ಲ ಕೇಳುತ್ತಿತ್ತು.

ಶುಕ್ರವಾರ ಸ್ಟಾನಿಫರ್ತ್ ಬಂದು ಗಾಜನ್ನು ಬಗ್ಗಿ ನೋಡಿದ.

"ಕಲ್ಲು ಇದ್ದಂಗಿದೆ. ಹಳೇ ಕಾಲದ ಗೋಡೆ ಅಮ್ಮಾವ್ರೇ, ನಮಗಿಂತ ಗಟ್ಟಿ. ಇನ್ನೆರಡಡಿ ಇಳೀತೀವಿ."

ವಿನಿಫ್ರೆಡ್ ಬಾಯಿ ತೆರೆದಳು. ಮನೆ ಉಳಿಯಬೇಕಾದರೆ ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗುರುವಾರದ್ದನ್ನು ಹೇಳಿದರೆ ಮಂಗಳವಾರದ್ದನ್ನೂ ಹೇಳಬೇಕು.

"ಬಿಸ್ಕತ್ತು ತಗೊಳ್ಳಿ," ಎಂದಳು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಅವಳು ಬೀದಿಯಲ್ಲಿ ನಿಂತು ಕೆಲಸದವರಿಗೆಲ್ಲ ಟೀ ಕೊಡುತ್ತಿದ್ದಾಗ, ಚಿಮಣಿ ಎರಡೂ ಮನೆಗಳೊಳಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಜೋಡಿಮನೆಯನ್ನು ಜೂನ್‌ನಲ್ಲಿ ಪೂರ್ತಿ ಕೆಡವಲಾಯಿತು.